ಹೆಚ್ಚಾದ ಅಕ್ಕಿ ಮತ್ತು ಆಯ್ದಕ್ಕಿ ಲಕ್ಕಮ್ಮ



ನಮ್ಮೂರು ಸಾರಕ್ಕಿ. ಹೆಸರಿನ ಕೊನೆಗೆ ‘ಅಕ್ಕಿ’ ಅಂತ ಕೇಳಿಸುತ್ತೆ ಅಲ್ವಾ? ಹೆಸರಿನಲ್ಲೇ ಅಕ್ಕಿ ಇರುವ ಒಬ್ಬ ಮಹಾತಾಯಿ ಇದ್ದಾರೆ. ಅವರೇ ಆಯ್ದಕ್ಕಿ ಲಕ್ಕಮ್ಮ. ಬಡತನದಲ್ಲೂ ತೃಪ್ತಿಯಾಗಿ, ನಂಬಿಕೆಯಿಂದ ಬಾಳೋದು ಹೇಗೆ ಅಂತ ಅವರ ಕಥೆಯಿಂದ ಕಲಿಯೋಣ.

ಲಕ್ಕಮ್ಮ ಯಾರು?

ಲಕ್ಕಮ್ಮ 12ನೇ ಶತಮಾನದ ಶರಣೆ. ಗಂಡ ಮಾರಯ್ಯ. ಇವರ ಊರು ಈಗಿನ ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ಅಲ್ಲಿಂದ ಬಸವಣ್ಣನವರಿದ್ದ ಕಲ್ಯಾಣಕ್ಕೆ ಬಂದರು. ಅದು ಈಗ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳನ್ನು ಆಯ್ದು ತರುವುದೇ ಮಾರಯ್ಯನವರ ಕಾಯಕ. ಲಕ್ಕಮ್ಮ ಅದನ್ನು ಬೇಯಿಸಿ, ಮನೆಗೆ ಬಂದ ಜಂಗಮರಿಗೆ ಬಡಿಸಿ, ಆಮೇಲೆ ಇಬ್ಬರೂ ಉಣ್ಣುತ್ತಿದ್ದರು. ಅದಕ್ಕೇ ‘ಆಯ್ದಕ್ಕಿ’ ಅನ್ನೋ ಹೆಸರು ಬಂತು. ಇಬ್ಬರೂ ವಚನಕಾರರು. ಲಕ್ಕಮ್ಮನವರ ಅಂಕಿತ ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’.

ಎರಡು ಘಟನೆಗಳು

ಒಂದು ದಿನ ಮಾರಯ್ಯ ದಿನಕ್ಕಿಂತ ಜಾಸ್ತಿ ಅಕ್ಕಿ ತಂದರು. ಬಡವರ ಮನೆಗೆ ಜಾಸ್ತಿ ಅಕ್ಕಿ ಬಂದರೆ ಯಾರಿಗೆ ಖುಷಿ ಆಗೋಲ್ಲ? ಆದರೆ ಲಕ್ಕಮ್ಮ ಖುಷಿಪಡಲಿಲ್ಲ. ನಮಗೆ ದಿನಾ ಸಾಕಾಗುವಷ್ಟು ಇರುವಾಗ ಇಷ್ಟೊಂದು ಯಾಕೆ, ಇದು ಆಸೆ ಅಲ್ಲವೇ ಅಂತ ಕೇಳಿದರು. ಹೆಚ್ಚಾದದ್ದನ್ನು ತಂದ ಜಾಗದಲ್ಲೇ ಸುರಿದು ಬನ್ನಿ ಅಂತ ವಾಪಸ್ ಕಳಿಸಿದರು.

ಇನ್ನೊಂದು ದಿನ ಮಾರಯ್ಯ ಶರಣರ ಮಾತು ಕೇಳುತ್ತಾ ಕಾಯಕವನ್ನೇ ಮರೆತರು. ಆಗಲೂ ಲಕ್ಕಮ್ಮ ಸುಮ್ಮನಿರಲಿಲ್ಲ. ಕಾಯಕ ನಿಂತಿದೆ, ಹೋಗಿ ಅಂತ ಎಚ್ಚರಿಸಿದರು. ನೋಡಿ, ಹೆಚ್ಚು ತಂದಾಗಲೂ ತಡೆದರು, ಕೆಲಸ ಬಿಟ್ಟಾಗಲೂ ಎಬ್ಬಿಸಿದರು.

ನಾವು ಕಲಿಯುವುದು ಏನು?

1. ತೃಪ್ತಿ ಅಂದರೆ ಸಾಕು ಅನ್ನುವ ಅಳತೆ ಗೊತ್ತಿರೋದು. ಒಬ್ಬರು ಅಳತೆ ಮೀರಿದರೆ ಇನ್ನೊಬ್ಬರಿಗೆ ಕಡಿಮೆ ಆಗುತ್ತೆ. ನಮ್ಮ ಸಾರಕ್ಕಿ ಕೆರೆಯನ್ನೇ ನೋಡಿ. ಕೆರೆಯ ಜಾಗ ಒತ್ತುವರಿಯಾಗಿತ್ತು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಅಲ್ಲಿದ್ದ ಕಟ್ಟಡಗಳನ್ನು ಒಡೆಸಿತು. ಕೆರೆಯೂ ಸೊರಗಿತು, ದುಡ್ಡು ಕೊಟ್ಟು ಮನೆ ಕೊಂಡ ಸಂಸಾರಗಳೂ ಬೀದಿಗೆ ಬಂದವು.

2. ನಂಬಿಕೆ ಅಂದರೆ ಕೈಕಟ್ಟಿ ಕೂರೋದಲ್ಲ. ನಾಳೆಯೂ ದೇವರಿದ್ದಾನೆ, ನಾಳೆಯೂ ದುಡಿಯಲು ಕೈಯಿದೆ ಅನ್ನೋ ಧೈರ್ಯವೇ ನಂಬಿಕೆ. ಆ ಧೈರ್ಯ ಇದ್ದದ್ದರಿಂದಲೇ ಲಕ್ಕಮ್ಮನವರಿಗೆ ಅಕ್ಕಿಯನ್ನು ವಾಪಸ್ ಕಳಿಸೋಕೆ ಆಯಿತು.

3. ತೃಪ್ತಿಯ ಮಾತನ್ನು ಬಡವರ ಬಾಯಿ ಮುಚ್ಚಿಸೋಕೆ ಬಳಸಬಾರದು. ದುಡಿದವರಿಗೆ ಕೂಲಿ ಕಡಿಮೆ ಕೊಟ್ಟು “ಇದ್ದದ್ದರಲ್ಲೇ ತೃಪ್ತಿಪಡು” ಅಂದರೆ ಅದು ಮೋಸ. ಲಕ್ಕಮ್ಮ ಅಳೆದದ್ದು ತಮ್ಮ ಮನೆಯ ಅಕ್ಕಿಯನ್ನು, ಬೇರೆಯವರ ತಟ್ಟೆಯನ್ನಲ್ಲ.

ನಮ್ಮ ಶಾಲೆಯ ಊಟ

ಮಧ್ಯಾಹ್ನ ನಾವು ಉಣ್ಣುವ ಬಿಸಿಯೂಟದ ಯೋಜನೆಗೆ ‘ಅಕ್ಷರ ದಾಸೋಹ’ ಅಂತ ಹೆಸರು. ದಾಸೋಹ ಅನ್ನೋದು ಶರಣರು ಬಾಳಿ ತೋರಿಸಿದ ಮಾತು. ಈ ಯೋಜನೆ 2002ರಲ್ಲಿ ಮೊದಲು 7 ಜಿಲ್ಲೆಗಳಲ್ಲಿ ಶುರುವಾಯಿತು. ಲಕ್ಕಮ್ಮನವರ ರಾಯಚೂರು ಜಿಲ್ಲೆಯೂ ಅದರಲ್ಲಿತ್ತು. ಆಮೇಲೆ ಉಳಿದ ಜಿಲ್ಲೆಗಳಿಗೂ ಬಂತು. ಆದ್ದರಿಂದ ಬಿಸಿಯೂಟ ಉಣ್ಣಲು ಯಾರೂ ನಾಚಬೇಕಾಗಿಲ್ಲ. ಹಸಿವಾದರೆ ಇನ್ನೊಂದು ಸಲ ಹಾಕಿಸಿಕೊಳ್ಳಿ. ಬೇಡವಾದರೆ ಹಾಕಿಸಿಕೊಂಡು ಚೆಲ್ಲಬೇಡಿ. ಒಂದು ಕಾಲದಲ್ಲಿ ಚೆಲ್ಲಿದ ಕಾಳನ್ನೇ ಆಯ್ದು ಒಂದು ಸಂಸಾರ ಬಾಳಿತ್ತು, ಬಂದವರಿಗೂ ಬಡಿಸಿತ್ತು.

ಪದಗಳ ಅರ್ಥ

ಕಾಯಕ – ದೇವರ ಪೂಜೆಯೆಂದು ತಿಳಿದು ಮಾಡುವ ದುಡಿಮೆ
ದಾಸೋಹ – ದುಡಿದದ್ದನ್ನು ಸೇವೆಯೆಂದು ಹಂಚುವುದು
ಅಂಕಿತ – ವಚನದಲ್ಲಿ ಬರುವ ದೇವರ ಹೆಸರಿನ ಗುರುತು

ಯೋಚಿಸಿ ಬರೆಯಿರಿ

1. ಲಕ್ಕಮ್ಮ ಆ ಅಕ್ಕಿಯನ್ನು ನಾಳೆಗೆ ಇಟ್ಟುಕೊಂಡಿದ್ದರೆ ತಪ್ಪಾಗುತ್ತಿತ್ತೇ? ಯಾಕೆ?
2. ನಿಮ್ಮ ಮನೆಯಲ್ಲಿ “ಇಷ್ಟು ಸಾಕು” ಅಂತ ಮೊದಲು ಹೇಳುವವರು ಯಾರು? ಅವರಿಗೆ ನಿಜವಾಗಲೂ ಸಾಕಾಗಿರುತ್ತದೆಯೇ?

ಉತ್ತರವನ್ನು ಪಕ್ಕದ ಖಾಲಿ ಹಾಳೆಯಲ್ಲಿ ಬರೆಯಿರಿ. ಎರಡನೆಯದನ್ನು ಬರೆಯುವ ಮೊದಲು ಮನೆಯಲ್ಲಿ ಕೇಳಿಕೊಂಡು ಬನ್ನಿ.