ಟರ್ಕಿ ಸ್ಯಾಂಡ್‌ವಿಚ್ಚಿನಲ್ಲಿ ನೀರು ಮತ್ತು ಉಷ್ಣ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನವೆಂಬರ್ ತಿಂಗಳ ನಾಲ್ಕನೆಯ ಗುರುವಾರ ಕೃತಜ್ಞತೆಯ ಹಬ್ಬ ನಡೆಯುತ್ತದೆ. ಅಂದಿನ ಊಟಕ್ಕೆ ಇಡಿಯ ಟರ್ಕಿ ಕೋಳಿಯನ್ನು ಬೇಯಿಸುವುದು ಅಲ್ಲಿನ ವಾಡಿಕೆ. ಹಕ್ಕಿ ದೊಡ್ಡದು, ಒಂದು ಹೊತ್ತಿನ ಊಟಕ್ಕೆ ಮುಗಿಯುವುದಿಲ್ಲ. ಉಳಿದ ಮಾಂಸವನ್ನು ಮರುದಿನ ಹೋಳು ಮಾಡಿ, ಚೀಸು ಮತ್ತು ಕೋಲ್‌ಸ್ಲಾ ಜೊತೆಗೆ ಬ್ರೆಡ್ಡಿನ ಎರಡು ತುಂಡುಗಳ ನಡುವೆ ಇಟ್ಟು, ಕಾವಲಿಯ ಮೇಲೆ ಕೆಂಪಗೆ ಕಾಯಿಸಿ ತಿನ್ನುವುದುಂಟು. ರೈ ಧಾನ್ಯದ ಬ್ರೆಡ್ಡಿನಲ್ಲಿ ಮಾಡಿದ ಇಂಥ ಸ್ಯಾಂಡ್‌ವಿಚ್ಚಿಗೆ ಅಲ್ಲಿ ‘ರೇಚೆಲ್’ ಎಂಬ ಹೆಸರಿದೆ. ಕೋಲ್‌ಸ್ಲಾ ಎಂದರೆ ಸಣ್ಣಗೆ ಹೆಚ್ಚಿದ ಹಸಿ ಎಲೆಕೋಸಿನ ವ್ಯಂಜನ. ಕೋಸಿನ ಸಲಾಡ್ ಎಂಬ ಅರ್ಥದ ಡಚ್ ಮಾತಿನಿಂದ ಈ ಹೆಸರು ಬಂದಿದೆ.

ತಿಂಡಿ ಸರಳವಾದದ್ದು. ಆದರೆ ಅದರಲ್ಲಿ ಒಂದು ಮುಖ್ಯವಾದ ಪ್ರಶ್ನೆ ಅಡಗಿದೆ. ಬ್ರೆಡ್ಡಿನ ಹೊರಮೈ ಕೆಂಪಾಯಿತೆಂದರೆ ಒಳಗಿರುವ ಮಾಂಸವೂ ಸಾಕಷ್ಟು ಬಿಸಿಯಾಯಿತೆಂದು ತಿಳಿಯಬಹುದೆ? ಈ ಪ್ರಶ್ನೆಗೆ ಭೌತವಿಜ್ಞಾನ ಕೊಡುವ ಉತ್ತರವನ್ನು ನೋಡೋಣ.

ಕೋಸು ಬಿಡುವ ನೀರು

ಎಲೆಕೋಸಿನ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ನೀರೇ ಆಗಿದೆ. ಹೆಚ್ಚಿದ ಕೋಸಿಗೆ ಉಪ್ಪು ಬೆರೆಸಿದರೆ ಅದು ಮೇಲ್ಮೈಯ ತೇವದಲ್ಲಿ ಕರಗಿ ಗಾಢವಾದ ದ್ರಾವಣವಾಗುತ್ತದೆ. ಜೀವಕೋಶದ ಒಳಗಿನ ರಸ ಅದಕ್ಕಿಂತ ತೆಳುವಾದದ್ದು. ಆದುದರಿಂದ ಕೋಶದ ಪೊರೆಯ ಮೂಲಕ ನೀರು ಒಳಗಿನಿಂದ ಹೊರಕ್ಕೆ ಹರಿಯುತ್ತದೆ. ಇದಕ್ಕೆ ಅಭಿಸರಣವೆಂದು ಹೆಸರು. ಫ್ರಾನ್ಸಿನ ನೊಲೆ ಎಂಬ ವಿಜ್ಞಾನಿ ೧೭೪೮ರಲ್ಲಿ ಹಂದಿಯ ಮೂತ್ರಕೋಶದ ಪೊರೆಯನ್ನು ಬಳಸಿ ಈ ವಿದ್ಯಮಾನವನ್ನು ಗುರುತಿಸಿದನು. ನಮ್ಮ ಮನೆಗಳಲ್ಲಿ ಸೌತೆಕಾಯಿಯ ಕೋಸಂಬರಿಗೆ ಬಡಿಸುವ ಮುನ್ನವಷ್ಟೇ ಉಪ್ಪು ಹಾಕುವುದಕ್ಕೂ ಇದೇ ಕಾರಣ.

ಕೋಸಂಬರಿಯಲ್ಲಿ ನೀರು ಹೊರಬರಬಾರದು. ಸ್ಯಾಂಡ್‌ವಿಚ್ಚಿನ ಕೋಸಿನಲ್ಲಿ ಅದು ಮೊದಲೇ ಹೊರಬಂದುಬಿಡಬೇಕು. ಅದಕ್ಕಾಗಿ ಕೋಸಿಗೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟು, ಹಿಂಡಿ, ಆಮೇಲೆ ವಿನೆಗರ್ ಮತ್ತು ಮೇಯನೇಸ್ ಸೇರಿಸಬೇಕು. ಹಾಗೆ ಮಾಡದೆ ಹತ್ತು ಗ್ರಾಂ ನೀರು ಬ್ರೆಡ್ಡಿಗೆ ಇಳಿಯಿತೆನ್ನೋಣ. ಅದನ್ನು ೩೦ ಡಿಗ್ರಿ ಸೆಲ್ಸಿಯಸ್‌ನಿಂದ ೧೦೦ ಡಿಗ್ರಿಗೆ ಏರಿಸಲು ೭೦೦ ಕೆಲೊರಿ ಉಷ್ಣ ಬೇಕು. ಅದು ಆವಿಯಾಗಲು, ಗ್ರಾಮಿಗೆ ೫೪೦ರಂತೆ, ಇನ್ನೂ ೫೪೦೦ ಕೆಲೊರಿ ಗುಪ್ತೋಷ್ಣ ಬೇಕು. ಒಟ್ಟು ೬೧೦೦ ಕೆಲೊರಿ! ಇಷ್ಟು ಉಷ್ಣದಿಂದ ೬೧ ಗ್ರಾಂ ನೀರನ್ನು ಸೊನ್ನೆ ಡಿಗ್ರಿಯಿಂದ ೧೦೦ ಡಿಗ್ರಿಯವರೆಗೆ ಕಾಯಿಸಬಹುದು.

ಬ್ರೆಡ್ಡು ಕೆಂಪಾಗುವ ಬಗೆ

ತೇವವಿರುವ ತನಕ ಬ್ರೆಡ್ಡಿನ ಮೈಯ ಉಷ್ಣತೆ ೧೦೦ ಡಿಗ್ರಿಯನ್ನು ಮೀರಲಾರದು. ಕೆಂಬಣ್ಣವನ್ನೂ ಸುವಾಸನೆಯನ್ನೂ ಕೊಡುವ ರಾಸಾಯನಿಕ ಕ್ರಿಯೆಯಾದರೋ ಸುಮಾರು ೧೪೦ ಡಿಗ್ರಿಯ ಮೇಲೆ ಚುರುಕಾಗುತ್ತದೆ. ಸಕ್ಕರೆಗಳಿಗೂ ಅಮೈನೋ ಆಮ್ಲಗಳಿಗೂ ನಡುವೆ ನಡೆಯುವ ಈ ಕ್ರಿಯೆಯನ್ನು ೧೯೧೨ರಲ್ಲಿ ವಿವರಿಸಿದವನು ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್. ಅವನ ಹೆಸರೇ ಈ ಕ್ರಿಯೆಗೆ ನಿಂತಿದೆ.

ಬ್ರೆಡ್ಡಿನ ಹೊರಮೈಗೆ ಬೆಣ್ಣೆ ಸವರುವುದು ರುಚಿಗಾಗಿ ಮಾತ್ರವಲ್ಲ. ಬ್ರೆಡ್ಡಿನ ಮೈ ಒರಟು. ಕಾವಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ಉಳಿದ ಸಂದುಗಳಲ್ಲಿ ಗಾಳಿಯಿದೆ. ಗಾಳಿಯು ಉಷ್ಣದ ದುರ್ಬಲ ವಾಹಕ. ಕರಗಿದ ಕೊಬ್ಬು ಆ ಸಂದುಗಳನ್ನು ತುಂಬಿದಾಗ ಅಲ್ಲಿ ಉಷ್ಣವಹನ ಹಲವು ಪಟ್ಟು ಹೆಚ್ಚುತ್ತದೆ. ಆದುದರಿಂದಲೇ ಬಣ್ಣವು ಎಲ್ಲೆಡೆಯೂ ಸಮನಾಗಿ ಬರುತ್ತದೆ.

ಮಾಂಸದ ನಡುವಿಗೆ ಉಷ್ಣ ತಲುಪುವ ಕಾಲ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಘನವಸ್ತುಗಳಲ್ಲಿ ಉಷ್ಣ ಸಾಗುವ ಬಗೆಯನ್ನು ಗಣಿತದಿಂದ ನಿರೂಪಿಸಿದವನು ಫೂರಿಯೆ. ಅವನ ಗ್ರಂಥ ೧೮೨೨ರಲ್ಲಿ ಪ್ರಕಟವಾಯಿತು. ಅವನ ಸಮೀಕರಣದಿಂದ ದೊರೆಯುವ ಒಂದು ನಿಯಮ ಹೀಗಿದೆ: ಉಷ್ಣವು ಒಂದು ಪದರವನ್ನು ದಾಟಲು ಹಿಡಿಯುವ ಕಾಲ ಆ ಪದರದ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ದಪ್ಪ ಎರಡರಷ್ಟಾದರೆ ಕಾಲ ನಾಲ್ಕರಷ್ಟಾಗುತ್ತದೆ.

ದಪ್ಪದ ವರ್ಗವನ್ನು ವಸ್ತುವಿನ ಉಷ್ಣ ವಿಸರಣಾಂಕದಿಂದ ಭಾಗಿಸಿದರೆ ಕಾಲದ ಸ್ಥೂಲವಾದ ಅಂದಾಜು ಸಿಗುತ್ತದೆ. ಮಾಂಸಕ್ಕೆ ಈ ಅಂಕ ಸೆಕೆಂಡಿಗೆ ಸುಮಾರು ೦.೦೦೧೪ ಚದರ ಸೆಂಟಿಮೀಟರ್. ಒಂದು ಸೆಂಟಿಮೀಟರ್ ದಪ್ಪದ ಮಾಂಸಕ್ಕೆ ಸುಮಾರು ೭೧೪ ಸೆಕೆಂಡು, ಎಂದರೆ ಹೆಚ್ಚುಕಡಿಮೆ ೧೨ ನಿಮಿಷ ಬೇಕು. ಎರಡು ಮಿಲಿಮೀಟರ್ ದಪ್ಪದ ಹೋಳಿಗೆ ೨೯ ಸೆಕೆಂಡು ಸಾಕು. ಸ್ಯಾಂಡ್‌ವಿಚ್ಚಿನೊಳಗಾದರೆ ಕಾವಲಿಗೂ ಮಾಂಸಕ್ಕೂ ನಡುವೆ ಗಾಳಿ ತುಂಬಿದ ಬ್ರೆಡ್ಡು ಅಡ್ಡವಾಗಿರುತ್ತದೆ; ಪಕ್ಕದಲ್ಲಿ ತಣ್ಣನೆಯ ಕೋಸೂ ಇರುತ್ತದೆ. ಕೆಲವೇ ನಿಮಿಷಗಳಲ್ಲಿ ಬ್ರೆಡ್ಡು ಕೆಂಪಾದಾಗ ನಡುವಿನ ಮಾಂಸ ಇನ್ನೂ ಉಗುರುಬೆಚ್ಚಗೆ ಇರುವುದು ಸಾಧ್ಯ. ಬಣ್ಣವು ಮೇಲ್ಮೈಯ ಸಮಾಚಾರವನ್ನು ಮಾತ್ರ ತಿಳಿಸುತ್ತದೆ. ಚೀಸು ಕರಗಿದ್ದೂ ಸಾಕಾದ ಸಾಕ್ಷಿಯಲ್ಲ; ಅದು ೭೪ ಡಿಗ್ರಿಗಿಂತ ಕಡಮೆ ಉಷ್ಣತೆಯಲ್ಲಿಯೇ ಮೆತ್ತಗಾಗಬಲ್ಲುದು.

ಈ ೭೪ ಡಿಗ್ರಿಗೆ ಏಕೆ ಮಹತ್ವ? ಉಳಿದ ಬೆಂದ ಆಹಾರವನ್ನು ಮತ್ತೆ ಕಾಯಿಸುವಾಗ ಅದರ ಒಳಭಾಗ ೧೬೫ ಡಿಗ್ರಿ ಫ್ಯಾರನ್‌ಹೀಟ್, ಎಂದರೆ ೭೪ ಡಿಗ್ರಿ ಸೆಲ್ಸಿಯಸ್ ತಲುಪಬೇಕೆಂದು ಅಮೆರಿಕದ ಕೃಷಿ ಇಲಾಖೆ ವಿಧಿಸಿದೆ. ಸುಮಾರು ೪ರಿಂದ ೬೦ ಡಿಗ್ರಿಗಳ ನಡುವೆ ರೋಗಾಣುಗಳು ಬೇಗ ವೃದ್ಧಿಯಾಗುತ್ತವೆ. ಆದಕಾರಣ ಬೆಂದ ಮಾಂಸವನ್ನು ಎರಡು ಗಂಟೆಗಳೊಳಗೆ ಶೀತಕ ಪೆಟ್ಟಿಗೆಗೆ ಸೇರಿಸಿ, ಮೂರು ನಾಲ್ಕು ದಿನಗಳಲ್ಲಿ ಮುಗಿಸಬೇಕು. ಕೆಲವು ರೋಗಾಣುಗಳು ಬಿಡುವ ವಿಷ ಕಾಯಿಸಿದರೂ ನಾಶವಾಗುವುದಿಲ್ಲ. ಹೊರಗೆ ಬಹಳ ಹೊತ್ತು ಉಳಿದ ಮಾಂಸವನ್ನು ಬಿಸಿ ಮಾಡಿ ಸರಿಪಡಿಸುವೆನೆಂಬುದು ಭ್ರಮೆ.

ಮಾಡುವ ಕ್ರಮ

ಮೇಲಿನ ತತ್ತ್ವಗಳಿಂದ ಕ್ರಮವು ತಾನಾಗಿಯೇ ಹೊರಡುತ್ತದೆ.

೧. ಕೋಸಿಗೆ ಉಪ್ಪು ಬೆರೆಸಿ, ಅರ್ಧ ಗಂಟೆಯ ಮೇಲೆ ಹಿಂಡಿ, ಕೋಲ್‌ಸ್ಲಾ ಸಿದ್ಧಪಡಿಸುವುದು.

೨. ಬೆಂದ ಮಾಂಸವನ್ನು ಎರಡು ಮಿಲಿಮೀಟರ್ ದಪ್ಪದ ಹೋಳುಗಳಾಗಿ ಕೊಯ್ದು, ಹೋಳುಗಳು ಒಂದರ ಮೇಲೊಂದು ಬೀಳದಂತೆ ಕಾವಲಿಯ ಮೇಲೆ ಹರಡಿ, ಮಗುಚಿ, ಹಬೆಯಾಡುವಷ್ಟು ಕಾಯಿಸುವುದು. ಅಡಿಗೆಯ ಉಷ್ಣತಾಮಾಪಕದಿಂದ ೭೪ ಡಿಗ್ರಿಯನ್ನು ಖಚಿತಪಡಿಸಿಕೊಳ್ಳುವುದು.

೩. ಬ್ರೆಡ್ಡು, ಚೀಸು, ಮಾಂಸ, ಕೋಲ್‌ಸ್ಲಾ, ಚೀಸು, ಬ್ರೆಡ್ಡು ಎಂಬ ಅನುಕ್ರಮದಲ್ಲಿ ಜೋಡಿಸುವುದು. ಕೊಬ್ಬಿರುವ ಚೀಸು ಕೋಸಿನ ತೇವ ಬ್ರೆಡ್ಡಿಗೆ ಇಳಿಯದಂತೆ ತಡೆಯುತ್ತದೆ.

೪. ಹೊರಮೈಗೆ ಬೆಣ್ಣೆ ಸವರಿ, ಮಧ್ಯಮ ಉರಿಯಲ್ಲಿ ಎರಡೂ ಕಡೆ ಕೆಂಪಾಗುವ ತನಕ ಕಾಯಿಸುವುದು. ಉರಿ ಹೆಚ್ಚಾದರೆ ಬೆಣ್ಣೆಯಲ್ಲಿರುವ ಹಾಲಿನ ಅಂಶ ಸೀದು ಕಹಿಯಾಗುತ್ತದೆ.

ಅಭ್ಯಾಸಕ್ಕಾಗಿ

ಮಾಂಸದ ಹೋಳು ೪ ಮಿಲಿಮೀಟರ್ ದಪ್ಪವಿದ್ದರೆ ಉಷ್ಣ ಅದನ್ನು ದಾಟಲು ಎಷ್ಟು ಸೆಕೆಂಡು ಬೇಕು? ಎರಡೂ ಬದಿಗಳಿಂದ ಏಕಕಾಲದಲ್ಲಿ ಕಾಯಿಸಿದರೆ ನಡುವನ್ನು ಮುಟ್ಟಲು ಎಷ್ಟು ಸಾಕು? ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ. ಎರಡನೆಯ ಉತ್ತರವು ಮೊದಲಿನದರ ಕಾಲು ಭಾಗವಾಗಿ ಬಂದರೆ ನಿಯಮವು ಮನದಟ್ಟಾಯಿತೆಂದು ತಿಳಿಯಬಹುದು.