ಸಾವಿನ ಮನೆಗೆ ಕೆಲವು ಕಿವಿಮಾತು

ಇಗರ್ಜಿಯಲ್ಲಿ ಸಾವಿನ ಗಂಟೆ ಹೊಡೆದರೆ ಸಾಕು, ನಮ್ಮ ಉಡುಪಿ ಕಡೆ ವಾಳೆಯವರೆಲ್ಲ, ಅಂದರೆ ಇಗರ್ಜಿಯ ಒಂದೇ ವಾರ್ಡಿನ ಮನೆಯವರೆಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ಬರುತ್ತಾರೆ. ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಗಡಿಬಿಡಿಯಲ್ಲಿ ಮರೆವು ಜಾಸ್ತಿ. ಹಾಗಾಗಿ ಇಷ್ಟನ್ನು ಬರೆದಿಟ್ಟಿದ್ದೇನೆ.

• ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಫಾದರನ್ನು ಬೇಗ ಕರೆಸಿ. ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ ಸಾಯುವವರಿಗೆ ಮಾತ್ರ ಎಂದು ಹೆದರಿ ಎಷ್ಟೋ ಮಂದಿ ಮುಂದೂಡುತ್ತಾರೆ. ಅದು ಇರುವುದು ಕಾಯಿಲೆಯವರ ಸಮಾಧಾನಕ್ಕೆ, ಹೆದರಿಸುವುದಕ್ಕಲ್ಲ. ಮಣಿಪಾಲದ ಐಸಿಯುವಿನಲ್ಲಿ ಬಾಯಿಗೆ ಕೊಳವೆ ಹಾಕಿದ ಮೇಲೆ ಪಾಪನಿವೇದನೆ ಮಾಡುವುದು ಹೇಗೆ, ಪರಮಪ್ರಸಾದ ನುಂಗುವುದು ಹೇಗೆ? ಮಾತು ಬರುವಾಗಲೇ ಕರೆಸಿ. ಮಕ್ಕಳಿಗೆ ಹೇಳಬೇಕಾದ್ದನ್ನೂ ಅವರು ಆಗಲೇ ಹೇಳಿ ಹಗುರಾಗುತ್ತಾರೆ.

• ಕಣ್ಣು ದಾನ ಮಾಡುವ ಆಸೆ ಇದ್ದರೆ ಬದುಕಿರುವಾಗಲೇ ಮನೆಯವರಿಗೆ ಹೇಳಿಡಿ. ಉಸಿರು ನಿಂತ 6 ಗಂಟೆಯೊಳಗೆ ಅದನ್ನು ತೆಗೆಯಬೇಕು. ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ. ಗಾಳಿಗೆ ಕಣ್ಣು ಒಣಗುತ್ತದೆ.

• ಹೆಂಡತಿ, ಮಕ್ಕಳು, ಒಡಹುಟ್ಟಿದವರಿಗೆ ತಿಳಿಯುವ ಮೊದಲು ವಾಟ್ಸಾಪಿನಲ್ಲಿ ಫೋಟೋ ಹಾಕಬೇಡಿ. ದುಬೈನಲ್ಲಿ ಡ್ಯೂಟಿಯಲ್ಲಿರುವ ಮಗ ಅಪ್ಪನ ಸಾವನ್ನು ಬೇರೆಯವರ ಸ್ಟೇಟಸ್‌ನಲ್ಲಿ ನೋಡಬಾರದು. ಅವನ ಟಿಕೆಟ್ ಖಚಿತವಾದ ಮೇಲೆಯೇ ಪೂಜೆಯ ಸಮಯ ತಿಳಿಸಿ, ಇಲ್ಲದಿದ್ದರೆ ಊರಿಗೆಲ್ಲ ಎರಡೆರಡು ಸಲ ಹೇಳಬೇಕಾಗುತ್ತದೆ.

• ಹೂವಿಗೆ ಸಾಲ ಮಾಡಬೇಡಿ. ನಮ್ಮ ಶಂಕರಪುರದ ಮಲ್ಲಿಗೆಯೇ ಒಂದು ಚೆಂಡು ಸಾಕು. ಒಂದು ಚೆಂಡಿನಲ್ಲಿ 800 ಹೂ ಇರುತ್ತದೆ. ಅಟ್ಟೆ ತಂದರೆ ಅದರ ನಾಲ್ಕರಷ್ಟು, ಮದುವೆಯ ಕಾಲದಲ್ಲಿ ಬೆಲೆ ಕೇಳುವ ಹಾಗಿಲ್ಲ. ಉಳಿದ ದುಡ್ಡಲ್ಲಿ ಆ ಮನೆಗೆ ಅಕ್ಕಿ ತಂದುಕೊಡಿ.

• ಗಂಜಿ, ಚಟ್ನಿ ಕೊಡುವವರು ಪಾತ್ರೆಯ ತಳಕ್ಕೆ ನೈಲ್ ಪಾಲಿಶ್‌ನಿಂದ ನಿಮ್ಮ ಮನೆ ಹೆಸರು ಬರೆಯಿರಿ. ಸೌಟು, ಮುಚ್ಚಳಕ್ಕೂ ಬರೆಯಿರಿ. ಮಣ್ಣು ಕೊಟ್ಟು ಬಂದ ಹೆಂಗಸು ಯಾರ ಪಾತ್ರೆ ಯಾವುದು ಎಂದು ಹುಡುಕುತ್ತಾ ಕೂರುವಂತಾಗಬಾರದು.

• ಅಳುವವರನ್ನು “ವಿಶ್ವಾಸ ಇಲ್ಲವಾ” ಎಂದು ಗದರಿಸಬೇಡಿ. ಲಾಜರನನ್ನು ಎಬ್ಬಿಸಲು ಹೋದ ಯೇಸುಸ್ವಾಮಿಯೇ ಅವನ ಸಮಾಧಿಯ ಬಳಿ ಅತ್ತರು. ಅಳುವುದರಿಂದ ನಂಬಿಕೆ ಕಡಿಮೆಯಾಗುವುದಿಲ್ಲ. ಪಕ್ಕದಲ್ಲಿ ಕೂತು ಒಂದು ಲೋಟ ನೀರು ಕೊಡಿ, ಸಾಕು.

• ಹಾಗೆಯೇ, “ಅತ್ತೂರಿನ ಹರಕೆ ಬಾಕಿ ಇತ್ತೋ ಏನೋ” ಎಂಬ ಮಾತು ನಿಮ್ಮ ಬಾಯಿಂದ ಬರಲೇಬಾರದು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಇಗರ್ಜಿ 2016ರಲ್ಲಿ ಬಸಿಲಿಕ ಆಗುವ ಎಷ್ಟೋ ಮೊದಲಿನಿಂದಲೂ ಜಾತಿ ಮತ ನೋಡದೆ ಜನ ಅಲ್ಲಿಗೆ ಮೇಣದಬತ್ತಿ ಹಿಡಿದು ಹೋಗುತ್ತಿದ್ದಾರೆ. ಬೇಡಿದ್ದು ಸಿಗದವರೂ ಜನವರಿಯ ಹಬ್ಬಕ್ಕೆ ಮತ್ತೆ ಬರುತ್ತಾರೆ. ದೇವರು ಬಾಕಿ ವಸೂಲಿಗೆ ಯಾರ ಗಂಡನನ್ನೂ ಕರೆದೊಯ್ಯುವುದಿಲ್ಲ.

• ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬರಬೇಡಿ. ಇಗರ್ಜಿಯಲ್ಲಿ ಪೆಟ್ಟಿಗೆಯ ಹತ್ತಿರ ಉರಿಯುವ ದೊಡ್ಡ ಪಾಸ್ಖ ಬತ್ತಿ ತೋರಿಸಿ. ಈಸ್ಟರ್ ರಾತ್ರಿ ಹಚ್ಚುವುದು ಅದನ್ನೇ, ಮಗುವಿಗೆ ಜ್ಞಾನಸ್ನಾನ ಕೊಡುವಾಗ ಉರಿಯುವುದೂ ಅದೇ. ಅಜ್ಜ ಸ್ವಾಮಿಯ ಹತ್ತಿರ ಹೋಗಿದ್ದಾರೆ, ಮತ್ತೆ ನೋಡುತ್ತೇವೆ ಎಂದು ಹೇಳಿ. “ಮಲಗಿದ್ದಾರೆ” ಎನ್ನಬೇಡಿ, ಮಗು ರಾತ್ರಿ ಮಲಗಲು ಹೆದರುತ್ತದೆ.

• ಮರಣವನ್ನು 21 ದಿನದೊಳಗೆ ನೋಂದಾಯಿಸಿ. ಮನೆಯಲ್ಲಿ ತೀರಿಕೊಂಡರೆ ನೀವೇ ಹೋಗಿ ತಿಳಿಸಬೇಕು. ಹೆಸರಿನ ಅಕ್ಷರ ಸರಿಯಾಗಿ ನೋಡಿ. ನಮ್ಮವರ ಹೆಸರು ಆಧಾರಿನಲ್ಲಿ ಡಿಸೋಜ, ಬ್ಯಾಂಕಿನಲ್ಲಿ ಡಿಸೋಜಾ, ರೇಷನ್ ಕಾರ್ಡಿನಲ್ಲಿ ಬರೇ ಲಾರೆನ್ಸ್. ಆಮೇಲೆ ಪಿಂಚಣಿಗೂ ಪಹಣಿಗೂ ವಿಧವೆ ಮೆಟ್ಟಿಲು ಹತ್ತಿ ಇಳಿಯಬೇಕು. ಪ್ರಮಾಣಪತ್ರದ ಪ್ರತಿಗಳನ್ನು ಒಟ್ಟಿಗೇ ನಾಲ್ಕೈದು ತೆಗೆದುಕೊಳ್ಳಿ.

• ಗೋರಿಗೆ ಗ್ರಾನೈಟ್ ಹಾಕಲು ಅವಸರ ಬೇಡ. ಒಂದು ಮಳೆಗಾಲ ಕಳೆಯಲಿ. ನಮ್ಮ ಕೆಂಪು ಮಣ್ಣು ಆಟಿ ತಿಂಗಳ ಮಳೆಗೆ ಕುಸಿದು ಕೂರುತ್ತದೆ, ಮೊದಲೇ ಹಾಕಿದ ಕಲ್ಲು ಬಿರಿಯುತ್ತದೆ. ಅಲ್ಲಿಯ ತನಕ ಶಿಲುಬೆ ಒಂದಿದ್ದರೆ ಸಾಕು.

• ನವೆಂಬರ್ 2ಕ್ಕೆ ಸ್ಮಶಾನಕ್ಕೆ ಹೋಗುವವರು ಕತ್ತಿಯನ್ನೂ ಒಂದು ಚೀಲವನ್ನೂ ಹಿಡಿದುಕೊಂಡು ಹೋಗಿ. ಮಳೆಗಾಲದ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ. ಮೇಣದಬತ್ತಿಯ ಪ್ಲಾಸ್ಟಿಕ್ ಕವರು, ಹಳೆಯ ಪ್ಲಾಸ್ಟಿಕ್ ಹೂ ಅಲ್ಲೇ ಎಸೆದು ಬರಬೇಡಿ. ಪಕ್ಕದಲ್ಲಿ ಯಾರೂ ಬಾರದ ಗೋರಿ ಇದ್ದರೆ ಅದಕ್ಕೂ ಒಂದು ಬತ್ತಿ ಹಚ್ಚಿ. ಅವರ ಮಕ್ಕಳು ಯಾವ ದೇಶದಲ್ಲಿದ್ದಾರೋ.

• ಏಳನೇ ದಿನದವರೆಗೆ ಮನೆ ತುಂಬಾ ಜನ. ತಿಂಗಳ ಪೂಜೆ ಮುಗಿದ ಮೇಲೆ ಒಬ್ಬರೂ ಇಲ್ಲ. ಆಮೇಲೆಯೇ ಬಂಗುಡೆ ಒಬ್ಬರಿಗೆ ಎಷ್ಟು ತರುವುದು, ಸಂಜೆ ಕೊಂತಕ್ಕೆ (ಜಪಸರಕ್ಕೆ) ಉತ್ತರ ಕೊಡುವವರು ಯಾರು ಎಂದು ಒಂಟಿಯಾಗಿ ಉಳಿದವರಿಗೆ ತೋಚದಿರುವುದು. ಅಂಥ ಮನೆಗೆ ಸಂಜೆ ಜಪಸರದ ಹೊತ್ತಿಗೆ ಹೋಗಿ, ಒಟ್ಟಿಗೆ ಪ್ರಾರ್ಥನೆ ಮಾಡಿ, ಒಂದು ಚಾ ಕುಡಿದು ಬನ್ನಿ. ಸತ್ತವರ ಹೆಸರು ಎತ್ತಿ ಮಾತಾಡಿ. ನೆನಪಿಸಿದರೆ ನೋವಾದೀತೆಂದು ಊರೇ ಸುಮ್ಮನಾದರೆ ಅವರಿಗೆ ಇನ್ನೂ ಕಷ್ಟ. ನಿಮ್ಮ ವಾಳೆಯಲ್ಲೂ ಇಂಥ ಮನೆ ಒಂದು ಇದ್ದೇ ಇರುತ್ತದೆ. ಗೊತ್ತಿಲ್ಲದಿದ್ದರೆ ವಾಳೆಯ ಮುಖಂಡರಾದ ಗುರಿಕಾರರನ್ನು ಕೇಳಿ, ಈ ಆದಿತ್ಯವಾರವೇ ಹೋಗಿ.