ಒಂದೇ ಯಂತ್ರದಿಂದ ಹಲವು ಕೋಣೆಗಳಿಗೆ ಧ್ವನಿ

ಪಡಸಾಲೆಯಲ್ಲಿ ಒಂದು ಆಂಪ್ಲಿಫಾಯರು ಇರುವದು. ಅದರ ಹಾಡು ಅಡಿಗೆಮನೆಯಲ್ಲಿಯೂ ಮಾಳಿಗೆಯ ಮೇಲಿನ ಕೋಣೆಯಲ್ಲಿಯೂ ಹಾಸಿಗೆ ಹಿಡಿದ ಅಜ್ಜಿಯವರ ಕೋಣೆಯಲ್ಲಿಯೂ ಕೇಳಬೇಕೆಂದು ಮನೆಯವರು ಅಪೇಕ್ಷಿಸುವರು. ಇದಕ್ಕೆ ಮಾಡತಕ್ಕದ್ದೇನೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಕೆಲವರು ಕೇಳುತ್ತಿರುವದರಿಂದ ಈ ಸಂಚಿಕೆಗೆ ಅದನ್ನೇ ಪಾಠವಾಗಿ ಬರೆಯುತ್ತೇನೆ. ಹತ್ತನೆಯ ಇಯತ್ತೆಯ ವಿದ್ಯುಚ್ಛಕ್ತಿಯ ಪಾಠವನ್ನು ಮರೆಯದವರಿಗೆ ಇದರಲ್ಲಿ ಹೊಸದು ಬಹಳವಿಲ್ಲ. ಮರೆತವರೇ ಬಹಳವೆಂಬದನ್ನು ನಾನು ಬಲ್ಲೆನು.

ಈ ಅಪೇಕ್ಷೆಯು ಹೊಸದಲ್ಲ. 1950ನೆಯ ಇಸವಿ ಜನೇವರಿ 8ರಂದು ಧಾರವಾಡದ ಆಕಾಶವಾಣಿಯು ಆರಂಭವಾದ ಕಾಲದ ವಾಲ್ವಿನ ರೇಡಿಯೋಗಳಲ್ಲಿ ಅನೇಕವುಗಳ ಬೆನ್ನಿಗೆ ಇನ್ನೊಂದು ಸ್ಪೀಕರನ್ನು ಸಿಕ್ಕಿಸುವ ತೂತುಗಳಿದ್ದವು. ಅಲ್ಲಿಂದ ತಂತಿಯನ್ನು ಒಳಮನೆಗೆ ಎಳೆದರೆ ಹೆಂಗಸರು ಕೆಲಸ ಬಿಡದೆ ಸಂಗೀತ ಕೇಳಬಹುದಾಗಿತ್ತು. ಆಗ ಒಂದಕ್ಕೆ ಒಂದು ಸೇರಿ ಎರಡೇ ಸ್ಪೀಕರು. ಈಗ ನಾಲ್ಕು, ಆರು ಬೇಕೆನ್ನುವದರಿಂದ ತೊಡಕು ಹುಟ್ಟುತ್ತದೆ.

ಮುಂಡರಗಿಯ ಕಡೆಯ ಒಂದು ಮನೆಯಲ್ಲಿ ಹೀಗಾಯಿತು. ನಾಲ್ಕು ಕೋಣೆಗಳ ನಾಲ್ಕು ಸ್ಪೀಕರುಗಳ ತಂತಿಗಳನ್ನೂ ಒಟ್ಟಿಗೆ ಹೊಸೆದು ಆಂಪ್ಲಿಫಾಯರಿನ ಒಂದೇ ಜೋಡು ತಿರುಪಿಗೆ ಕಟ್ಟಿದರು. ಹಾಡು ಹತ್ತು ನಿಮಿಷ ನಡೆದು ನಿಂತಿತು. ಯಂತ್ರದ ಮೈ ಕಾದಿತ್ತು. ತಣಿದ ಮೇಲೆ ಪುನಃ ನಡೆದು ಪುನಃ ನಿಂತಿತು. ಶಕ್ತಿ ಸಾಲದು, ದೊಡ್ಡದನ್ನು ಕೊಳ್ಳಿರಿ ಎಂದು ಅಂಗಡಿಯವರು ಹೇಳಿದರು. ಆ ಮಾತಿನಂತೆ ಹಣ ತೆರುವ ಮೊದಲು ನಮ್ಮ ಹುಡುಗಿಯು ಫೋನು ಮಾಡಿದ್ದು ಒಳ್ಳೆಯದಾಯಿತು. ಯಾಕಂದರೆ ಅಲ್ಲಿ ಕಡಿಮೆಯಾದದ್ದು ಯಂತ್ರದ ಶಕ್ತಿಯಲ್ಲ, ಸ್ಪೀಕರುಗಳ ಒಟ್ಟು ತಡೆಯು. ಮನೆಯ ಕೋಣೆಯಲ್ಲಿ ಹಿತವಾಗಿ ಹಾಡು ಕೇಳುವದಕ್ಕೆ ಒಂದು ವಾಟಿನಷ್ಟು ಶಕ್ತಿಯೇ ಬಹಳವಾಗಿ ಸಾಕಾಗುವದು.

ಗದಗ-ಬೆಟಗೇರಿಯವರಿಗೆ ನಳದ ಲೆಕ್ಕವನ್ನು ಕಲಿಸಬೇಕಾಗಿಲ್ಲ. ಒಂದೇ ತೊಟ್ಟಿಗೆ ಒಂದು ನಳವಿದ್ದರೆ ನೀರು ಒಂದು ಪ್ರಮಾಣದಲ್ಲಿ ಇಳಿಯುವದು. ನಾಲ್ಕು ನಳಗಳನ್ನು ಬಿಚ್ಚಿದರೆ ನಾಲ್ಕು ಪಟ್ಟು ಇಳಿಯುವದು. ಸ್ಪೀಕರುಗಳನ್ನು ಸಮಾಂತರವಾಗಿ ಜೋಡಿಸುವದೂ ಹಾಗೆಯೇ. ಒಂದೊಂದು ಸ್ಪೀಕರಿನ ತಡೆಯು 8 ಓಮ್ ಇದ್ದರೆ ಎರಡು ಸೇರಿ 4 ಓಮ್, ಮೂರು ಸೇರಿ ಸುಮಾರು 2.7, ನಾಲ್ಕು ಸೇರಿ 2 ಓಮ್ ಆಗುವದು. ಯಂತ್ರವು 8 ವೋಲ್ಟನ್ನು ಕೊಡುತ್ತಿರುವಾಗ ಒಂದು ಸ್ಪೀಕರು 1 ಆಂಪಿಯರ್ ಪ್ರವಾಹವನ್ನು ಎಳೆದರೆ ನಾಲ್ಕು ಸೇರಿ 4 ಆಂಪಿಯರ್ ಎಳೆಯುವವು. ಮನೆಬಳಕೆಯ ಆಂಪ್ಲಿಫಾಯರುಗಳನ್ನು ಹೆಚ್ಚಾಗಿ 4ರಿಂದ 8 ಓಮಿನ ವರೆಗೆ ಮಾತ್ರ ತಾಳುವಂತೆ ಕಟ್ಟಿರುತ್ತಾರೆ. ಬೆನ್ನ ಮೇಲೆ ಆ ಸಂಖ್ಯೆಯನ್ನು ಅಚ್ಚು ಹಾಕಿರುತ್ತಾರೆ. ಅದನ್ನು ಮೀರಿ ಪ್ರವಾಹ ಕೇಳಿದರೆ ಒಳ್ಳೆಯ ಯಂತ್ರವು ತನ್ನನ್ನು ಕಾಪಾಡಿಕೊಳ್ಳಲು ತಾನೇ ಬಂದಾಗುವದು, ಹಗುರ ಯಂತ್ರವು ಸುಟ್ಟುಹೋಗುವದು. ಹಳೆಯ ವಾಲ್ವಿನ ಯಂತ್ರಗಳಿಗೆ ಇದರ ವಿರುದ್ಧವಾದ ಅಂಜಿಕೆಯಿತ್ತು: ಸ್ಪೀಕರನ್ನೇ ಕಟ್ಟದೆ ಜೋರಾಗಿ ನಡಿಸಿದರೆ ಅವು ಕೆಡುತ್ತಿದ್ದವು.

ಹಾಗಾದರೆ ನಾಲ್ಕನ್ನು ಕಟ್ಟುವದು ಹ್ಯಾಗೆ? ಎರಡೆರಡನ್ನು ಸರಣಿಯಾಗಿ ಜೋಡಿಸಿದರೆ ಒಂದೊಂದು ಜೋಡಿಯು 16 ಓಮ್ ಆಗುವದು. ಆ ಎರಡು ಜೋಡಿಗಳನ್ನು ಸಮಾಂತರವಾಗಿ ಕಟ್ಟಿದರೆ ಒಟ್ಟು ಪುನಃ 8 ಓಮ್. ಮುಂಡರಗಿಯ ಮನೆಯಲ್ಲಿ ಮಾಡಿದ್ದು ಇದನ್ನೇ. ಹಳೆಯ ಆಂಪ್ಲಿಫಾಯರೇ ಈಗಲೂ ನಡೆಯುತ್ತಲಿದೆ. ಇದರಲ್ಲಿಯೂ ದೋಷಗಳುಂಟು. ನಾಲ್ಕೂ ಸ್ಪೀಕರುಗಳು ಒಂದೇ ಜಾತಿಯವಾಗಿರಬೇಕು, ಇಲ್ಲವಾದರೆ ಧ್ವನಿಯು ಹೆಚ್ಚುಕಡಿಮೆಯಾಗುವದು. ಜೋಡಿಯಲ್ಲಿ ಒಂದರ ತಂತಿಯು ಹರಿದರೆ ಅದರ ಸಂಗಾತಿಯೂ ಮೌನವಾಗುವದು. ಒಂದು ಕೋಣೆಯ ಧ್ವನಿಯನ್ನಷ್ಟೇ ಇಳಿಸಬೇಕಾದರೆ, ತಡೆಯನ್ನು ಕೆಡಿಸದಂಥ ಬೇರೆ ನಿಯಂತ್ರಕವನ್ನು ಆ ಕೋಣೆಗೆ ಕೂಡ್ರಿಸಬೇಕು. ಇನ್ನೊಂದು ಎಚ್ಚರ: ಎಡ ಬಲಗಳ ತಿರುಪುಗಳನ್ನು ಎಂದೂ ಒಂದಕ್ಕೊಂದು ಕೂಡಿಸಬಾರದು. ಯಂತ್ರದ ಮೇಲೆ ‘ಎ’ ಮತ್ತು ‘ಬಿ’ ಎಂದು ಎರಡು ಜೊತೆ ಸ್ಪೀಕರುಗಳ ಗುಂಡಿಗಳಿದ್ದರೆ, ಎರಡನ್ನೂ ಒತ್ತಿದಾಗ ಅನೇಕ ಯಂತ್ರಗಳು ಒಳಗೆ ಅವುಗಳನ್ನು ಸಮಾಂತರವಾಗಿಯೇ ಕೂಡಿಸುತ್ತವೆ. ಗುಂಡಿಯಿದ್ದ ಮಾತ್ರಕ್ಕೆ ಲೆಕ್ಕವು ತಪ್ಪುವದಿಲ್ಲ.

ಕೋಣೆಗಳು ಹತ್ತು ಹನ್ನೆರಡಾದರೆ ಈ ಉಪಾಯವು ಸಾಲದು. ಆಗ ಜಾತ್ರೆಯ ಮೈಕಿನವರನ್ನು ನೋಡಿ ಕಲಿಯತಕ್ಕದ್ದು. ಶಿರಹಟ್ಟಿಯಲ್ಲಾಗಲಿ ಲಕ್ಷ್ಮೇಶ್ವರದಲ್ಲಾಗಲಿ ಒಂದೇ ಯಂತ್ರದಿಂದ ಓಣಿ ಓಣಿಗೆ ಕಹಳೆಯಂಥ ಸ್ಪೀಕರುಗಳನ್ನು ಕಟ್ಟುವ ಅವರು ಓಮಿನ ಲೆಕ್ಕವನ್ನು ಬಿಟ್ಟು 100 ವೋಲ್ಟಿನ ಲೈನನ್ನು ಹಿಡಿಯುತ್ತಾರೆ. ಅಹುಜಾ ಮುಂತಾದ ಕಂಪನಿಗಳ ಸಭೆಯ ಆಂಪ್ಲಿಫಾಯರುಗಳಲ್ಲಿ ಇದಕ್ಕೆ ಬೇರೆ ತಿರುಪು ಇರುವದು. ಪ್ರತಿಯೊಂದು ಸ್ಪೀಕರಿನ ಹತ್ತರ ಒಂದು ಸಣ್ಣ ಟ್ರಾನ್ಸ್‌ಫಾರ್ಮರು ಇದ್ದು, ಅದು ತನಗೆ ಗೊತ್ತುಮಾಡಿದಷ್ಟೇ ವಾಟನ್ನು ಲೈನಿನಿಂದ ತೆಗೆದುಕೊಳ್ಳುವದು. ಆಗ ಲೆಕ್ಕವು ಬರೀ ಕೂಡಿಸುವದು. ಒಂದೊಂದಕ್ಕೆ 6 ವಾಟಿನಂತೆ ಎಂಟು ಕೋಣೆಗಳಿಗೆ 48 ವಾಟು. 60 ವಾಟಿನ ಯಂತ್ರವು ಸಾಕಾಗಿ ಸ್ವಲ್ಪ ಉಳಿಯುವದು. ಇಂಥ 6 ವಾಟಿನ ಸ್ಪೀಕರು ಲೈನಿಗೆ ಸುಮಾರು 1,670 ಓಮಿನಷ್ಟು ತಡೆಯಾಗಿ ಕಾಣುವದರಿಂದ, ತಂತಿಯ ಒಂದೆರಡು ಓಮುಗಳು ಲೆಕ್ಕಕ್ಕೇ ಬರುವದಿಲ್ಲ. ಶಾಲೆಯ ವರ್ಗ ವರ್ಗಕ್ಕೆ ಧ್ವನಿಯನ್ನು ಮುಟ್ಟಿಸುವದಕ್ಕೆ ಇದೇ ತಕ್ಕ ಪದ್ಧತಿ. ಆದರೆ 8 ಓಮಿನ ಬರೀ ಸ್ಪೀಕರನ್ನು ಆ 100 ವೋಲ್ಟಿನ ತಿರುಪಿಗೆ ಹಚ್ಚಿದರೆ ಅದರ ಸುರುಳಿಯು ಸುಡುವದು. ಧ್ವನಿ ಜೋರಾಗಿರುವಾಗ ಆ ತಂತಿಯ ಬರಿಮೈಯನ್ನು ಮುಟ್ಟಿದರೆ ಹೊಡೆತವೂ ತಗಲುವದು. ಮಕ್ಕಳಿರುವ ಮನೆಯಲ್ಲಿ ಅದನ್ನು ಬಯಲಾಗಿ ಬಿಡಬಾರದು.

ಮನೆಯ ಸಾಮಾನ್ಯ ಜೋಡಣೆಯಲ್ಲಿ ತಂತಿಯ ದಪ್ಪವನ್ನು ಅವಶ್ಯವಾಗಿ ನೋಡಬೇಕು. ಮಾಳಿಗೆಯ ಕೋಣೆಯು 30 ಮೀಟರು ದೂರವಿದ್ದರೆ ಹೋಗಿಬರುವ ತಂತಿಯು 60 ಮೀಟರು. 0.75 ಚದರ ಮಿಲಿಮೀಟರಿನ ತಾಮ್ರದಲ್ಲಿ ಅದು ಸುಮಾರು 1.4 ಓಮ್ ಆಗಿ, 8 ಓಮಿನ ಸ್ಪೀಕರಿಗೆ ಸಲ್ಲಬೇಕಾದ ಶಕ್ತಿಯಲ್ಲಿ ನೂರಕ್ಕೆ 15ರಷ್ಟು ತಂತಿಯಲ್ಲಿಯೇ ಹೋಗುವದು. 2.5 ಚದರ ಮಿಲಿಮೀಟರಿನದನ್ನು ಹಾಕಿದರೆ ಆ ನಷ್ಟವು ನೂರಕ್ಕೆ 5ಕ್ಕೆ ಇಳಿಯುವದು. ಗೋಡೆ ಒಡೆದು ಕೊಳವೆ ಹೂಳುವವರು ಸ್ಪೀಕರಿನ ತಂತಿಯನ್ನು ದೀಪದ ತಂತಿಯ ಕೊಳವೆಯಲ್ಲಿ ತುರುಕಬಾರದು.

ತಂತಿಯಿಲ್ಲದ ಸ್ಪೀಕರುಗಳು ಈಗ ಬಂದಿರುತ್ತವೆ. ಅವುಗಳ ಹೊಟ್ಟೆಯಲ್ಲಿಯೇ ಒಂದೊಂದು ಆಂಪ್ಲಿಫಾಯರು ಇರುವದರಿಂದ ಓಮಿನ ಚಿಂತೆಯಿಲ್ಲ. ಆದರೆ ಬ್ಲೂಟೂತಿನ ಧ್ವನಿಯು ತುಸು ತಡವಾಗಿ ಬರುವದರಿಂದ, ಪಡಸಾಲೆಯ ಹಾಡಿಗೆ ಒಳಗಿನದು ಪ್ರತಿಧ್ವನಿಯಂತೆ ಕೇಳುವದುಂಟು. ಕಟ್ಟಿದ ಮನೆಯಲ್ಲಿ ತಂತಿ ಎಳೆಯಲಾಗದವರಿಗೆ ಇದು ಸಾಕು; ಹೊಸ ಮನೆ ಕಟ್ಟುವವರು ತಂತಿಯನ್ನೇ ಹಾಕಿಸುವದು ಮೇಲೆಂದು ನನ್ನ ಅಭಿಪ್ರಾಯ.

ಜೋಡಣೆ ಮುಗಿದ ಮೇಲೆ, ಯಂತ್ರಕ್ಕೆ ಕಟ್ಟುವ ಮುಂಚೆ, ತಂತಿಗಳ ಎರಡು ತುದಿಗಳಿಗೆ ಮೀಟರನ್ನು ಹಿಡಿದು ಓಮನ್ನು ಅಳೆಯಿರಿ. 8 ಓಮಿನ ಸ್ಪೀಕರು ಮೀಟರಿನಲ್ಲಿ 6ರಿಂದ 7ರ ವರೆಗೆ ತೋರಿದರೆ ಸರಿಯಾಗಿದೆಯೆಂದು ತಿಳಿಯಿರಿ. ಹತ್ತಿರ ಹತ್ತಿರ ಸೊನ್ನೆಯನ್ನು ತೋರಿದರೆ ಎಲ್ಲಿಯೋ ಎರಡು ತಂತಿಗಳು ಒಂದಕ್ಕೊಂದು ತಗಲಿವೆ. ಅದನ್ನು ಹುಡುಕಿ ಬಿಡಿಸುವ ತನಕ ಗುಂಡಿಯನ್ನು ಒತ್ತಬೇಡಿರಿ.